ಚೋರೆಹಕ್ಕಿಯ ಎಂಟು ಹೆಜ್ಜೆ

ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಹನ್ನೊಂದು ಹೊಂಗೆ ಮರಗಳಿವೆ. ಏಪ್ರಿಲ್ ಮೊದಲ ವಾರ ಬೆಳಿಗ್ಗೆ ಆರೂವರೆಗೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರೆ ಟಾರು ಕಾಣುವುದಿಲ್ಲ. ನಸುಗೆಂಪು ಬೆರೆತ ಬಿಳಿ ಹೂವಿನ ಹಾಸು, ಅಷ್ಟೆ. ಪೇಪರ್ ಹುಡುಗನ ಸೈಕಲ್ ಹಾದುಹೋದರೆ ಅದರ ಮೇಲೊಂದು ಗೆರೆ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಅಳಿಲೊಂದು ಇಳಿದು ಬಂದು ಆ ಗೆರೆಯ ಉದ್ದಕ್ಕೂ ಮೂಸುತ್ತದೆ. ಗಾಡಿ ಬಂದರೆ ಅದು ಹತ್ತಿರದ ಅಂಚಿಗೆ ಓಡುವುದಿಲ್ಲ, ತಾನು ಇಳಿದ ಮರಕ್ಕೇ ಓಡುತ್ತದೆ. ಮುಕ್ಕಾಲು ದಾರಿ ದಾಟಿದ್ದರೂ ಹಿಂದಕ್ಕೇ ತಿರುಗುತ್ತದೆ. ಅಳಿಲಿಗೆ ಮರವೇ ಸುರಕ್ಷಿತ ಜಾಗ. ರಸ್ತೆಗೆ ಎರಡು ಅಂಚು ಇದೆಯೆಂಬ ಲೆಕ್ಕ ಅದರದಲ್ಲ.

ನಾನು ಹೆಚ್ಚು ನೋಡಿರುವುದು ಚೋರೆಹಕ್ಕಿಗಳನ್ನು. ಎದುರುಮನೆಯ ಅಜ್ಜಿ ರಂಗೋಲಿ ಮುಗಿಸಿ ಒಂದು ಹಿಡಿ ನುಚ್ಚಕ್ಕಿ ಬೀದಿಗೆ ಚೆಲ್ಲುತ್ತಾರೆ. ಜೋಡಿಯೊಂದು ಕರೆಂಟ್ ತಂತಿಯಿಂದ ಇಳಿದು, ಹೆಜ್ಜೆಗೊಮ್ಮೆ ಕತ್ತು ಆಡಿಸುತ್ತ, ಕಾಳು ಹೆಕ್ಕುತ್ತದೆ. ವಾಹನ ಎಷ್ಟು ಹತ್ತಿರ ಬಂದಾಗ ಇವು ಮೇಲೇಳುತ್ತವೆ? ಗೇಟಿನ ಕಂಬಗಳನ್ನು ಗುರುತಿಟ್ಟುಕೊಂಡು, ಆಮೇಲೆ ಎದ್ದು ಹೋಗಿ ಹೆಜ್ಜೆಯಲ್ಲಿ ಅಳೆದು ಬರೆದಿಟ್ಟುಕೊಳ್ಳತೊಡಗಿದೆ. ಹಾಲಿನವನ ಸ್ಕೂಟರಿಗೆ ಎಂಟು. ಶಾಲೆಯ ವ್ಯಾನಿಗೆ ಎಂಟು, ಒಮ್ಮೊಮ್ಮೆ ಒಂಬತ್ತು. ತರಕಾರಿ ಆಟೋಗೂ ಎಂಟೇ. ಮೂರು ವರ್ಷದ ಪುಸ್ತಕದಲ್ಲಿ ಈ ಅಂಕಿ ಹೆಚ್ಚು ಕದಲಿಲ್ಲ.

ಜೂನ್‌ನಲ್ಲಿ ಹತ್ತಿರದ ಮುಖ್ಯರಸ್ತೆಯನ್ನು ಅಗೆದರು. ಅಲ್ಲಿಯ ವಾಹನಗಳೆಲ್ಲ ನಮ್ಮ ಬೀದಿ ಹಿಡಿದವು, ಮುಖ್ಯರಸ್ತೆಯ ವೇಗವನ್ನೂ ಜೊತೆಗೇ ತಂದವು. ಚೋರೆಹಕ್ಕಿಗಳು ಮಾತ್ರ ಎಂಟು ಹೆಜ್ಜೆಯನ್ನೇ ನಂಬಿ ಕಾಳು ಹೆಕ್ಕುತ್ತಿದ್ದವು. ನಾಲ್ಕನೆಯ ದಿನ ಒಂದು ಸತ್ತಿತು. ಎತ್ತಿಕೊಂಡಾಗ ಇನ್ನೂ ಬಿಸಿಯಿತ್ತು. ಕತ್ತಿನ ಹಿಂದಿನ ಕಪ್ಪುಬಿಳಿ ಚುಕ್ಕಿಯ ಪಟ್ಟಿ ಕೆದರಿರಲಿಲ್ಲ. ಗಂಟಲಚೀಲದಲ್ಲಿ ನುಚ್ಚಕ್ಕಿ ಬೆರಳಿಗೆ ಸಿಗುತ್ತಿತ್ತು. ಜೊತೆಯದು ತಂತಿಯ ಮೇಲೇ ಕೂತಿತ್ತು, ಮಧ್ಯಾಹ್ನದವರೆಗೂ.

ಪಿಯೇರ್ ಲೆಗಾನ್ಯೂ ಮತ್ತು ಸಿಮೋನ್ ಡ್ಯುಕಾತೆ ಎಂಬ ಸಂಶೋಧಕರು ಫ್ರಾನ್ಸಿನ ರಸ್ತೆಗಳಲ್ಲಿ ಕಾರು ಓಡಿಸುತ್ತ ಇದೇ ದೂರವನ್ನು ಅಳೆದು, 2013ರಲ್ಲಿ ಬಯಾಲಜಿ ಲೆಟರ್ಸ್ ಪತ್ರಿಕೆಯಲ್ಲಿ ಬರೆದಿದ್ದಾರೆ. ವೇಗಮಿತಿ ಹೆಚ್ಚಿರುವ ರಸ್ತೆಯಲ್ಲಿ ಹಕ್ಕಿಗಳು ಕಾರು ದೂರವಿರುವಾಗಲೇ ಹಾರುತ್ತಿದ್ದವು, ಕಡಿಮೆಯಿರುವಲ್ಲಿ ಹತ್ತಿರ ಬರುವವರೆಗೂ ಕಾಯುತ್ತಿದ್ದವು. ಇವರ ಕಾರು ಆ ಹೊತ್ತು ಎಷ್ಟು ಜೋರಾಗಿ ಬರುತ್ತಿತ್ತು ಎಂಬುದರಿಂದ ದೂರ ಬದಲಾಗಲಿಲ್ಲ. ಹಕ್ಕಿ ಕಲಿಯುವುದು ರಸ್ತೆಯನ್ನು, ಒಂದೊಂದು ಕಾರನ್ನಲ್ಲ. ನಮ್ಮ ಜೋಡಿಯ ಎಂಟು ಹೆಜ್ಜೆ ನಮ್ಮ ಬೀದಿಗೆ ಸರಿಯಾದ ಲೆಕ್ಕವೇ ಆಗಿತ್ತು. ಬೀದಿಯೇ ಅವಕ್ಕೆ ತಿಳಿಸದೆ ಬದಲಾಯಿತು.

ಮಕ್ಕಳ ಕಣ್ಣಿಗೂ ಇಂಥದೇ ಮಿತಿಯಿದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇಯಲ್ಲಿ ಜಾನ್ ವಾನ್ ಮತ್ತು ಸಂಗಡಿಗರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿದರು. ಬರುತ್ತಿರುವ ವಾಹನ ಕಣ್ಣಿನಲ್ಲಿ ದೊಡ್ಡದಾಗುತ್ತ ಹೋಗುವುದರಿಂದಲೇ ನಮಗೆ ಅದು ಬರುತ್ತಿದೆಯೆಂದು ತಿಳಿಯುವುದು. ವೇಗ ಗಂಟೆಗೆ ಸುಮಾರು 32 ಕಿ.ಮೀ. ದಾಟಿದರೆ, ಐದು ಸೆಕೆಂಡಿನ ದೂರದಲ್ಲಿರುವ ವಾಹನದ ಆ ಹಿಗ್ಗುವಿಕೆಯನ್ನು ಮಕ್ಕಳ ಕಣ್ಣು ಖಚಿತವಾಗಿ ಗುರುತಿಸಲಾರದು. ಮೂಲೆಮನೆಯ ಹುಡುಗಿ ಚೆಂಡಿನ ಹಿಂದೆ ಬೀದಿಗಿಳಿಯುವ ಮುನ್ನ ಎರಡೂ ಕಡೆ ನೋಡುತ್ತಾಳೆ. ನಾನೇ ಎಷ್ಟೋ ಸಲ ಕಂಡಿದ್ದೇನೆ. ನೋಡಿದರೂ ಆ ವೇಗ ಅವಳಿಗೆ ಕಾಣದು. ‘ಮಗು ಅಡ್ಡ ಬಂತು’ ಎಂಬ ಮಾತನ್ನು ಈ ಸಂಶೋಧನೆ ಓದಿದಂದಿನಿಂದ ನನಗೆ ಸಹಿಸಲಾಗುವುದಿಲ್ಲ.

ಒಂದು ಭಾನುವಾರ ಟೇಪು ಹಿಡಿದು ಹೊಂಗೆ ಮರಗಳ ನಡುವೆ ಅಳೆದೆ. ಮರದಿಂದ ಮರಕ್ಕೆ ಒಂಬತ್ತು ಮೀಟರ್. ಗಂಟೆಗೆ 30 ಕಿ.ಮೀ.ನಲ್ಲಿ ಬರುವವನು ಮಗುವನ್ನು ಕಂಡು, ಒಂದು ಸೆಕೆಂಡಿನಲ್ಲಿ ಕಾಲು ಬ್ರೇಕಿಗೆ ಹೋಗಿ, ಒಣಟಾರಿನ ಮೇಲೆ ಪೂರ್ತಿ ನಿಲ್ಲಲು ಸುಮಾರು 13 ಮೀಟರ್ ಬೇಕು. ಒಂದೂವರೆ ಮರ. 50ರಲ್ಲಿ ಬರುವವನು ಆ ಒಂದೂವರೆ ಮರ ದಾಟುವಾಗ ಬ್ರೇಕನ್ನು ಇನ್ನೂ ಮುಟ್ಟಿಯೇ ಇರುವುದಿಲ್ಲ. ಅವನು ನಿಲ್ಲುವುದು ಮೂರನೆಯ ಮರದಾಚೆ. 70ರಲ್ಲಿ ಬಂದರೆ ಐದು ಮರ.

70 ಎಂದು ಸುಮ್ಮನೆ ಬರೆಯಲಿಲ್ಲ. ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆ ನಗರಸಭೆ ಮಿತಿಯೊಳಗಿನ ರಸ್ತೆಯಲ್ಲಿ ಕಾರಿಗೆ ನಿಗದಿಪಡಿಸಿದ ಗರಿಷ್ಠ ವೇಗ ಅದೇ. ಬೈಕಿಗೆ 60. ಆ ಪಟ್ಟಿ ಎಕ್ಸ್‌ಪ್ರೆಸ್‌ವೇ, ಚತುಷ್ಪಥ, ನಗರಸಭೆ ರಸ್ತೆ, ಇತರ ರಸ್ತೆ ಎಂದು ವಿಂಗಡಿಸುತ್ತದೆ. ಮನೆಸಾಲಿನ ಬೀದಿ ಎಂಬ ಜಾತಿಯನ್ನೇ ಅದು ಗುರುತಿಸಿಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ರಾಜ್ಯಕ್ಕೆ ಮಿತಿ ತಗ್ಗಿಸುವ ಅಧಿಕಾರ ಕೊಟ್ಟಿದೆ. ಆದರೆ ಒಂದೊಂದೇ ಬೀದಿಗೆ ಬೋರ್ಡು ನೆಡುತ್ತ ಹೋದರೆ ಯಾವ ಕಾಲಕ್ಕೆ ಮುಗಿದೀತು? ಮನೆಗಳಿರುವಲ್ಲಿ 30 ತಾನಾಗಿಯೇ ನಿಯಮವಾಗಬೇಕು. ಹೆಚ್ಚು ಬೇಕಾದ ರಸ್ತೆಗೆ ಬೋರ್ಡು ನೆಡಲಿ.

ಅದೇ ಜೂನ್‌ನ ಒಂದು ರಾತ್ರಿ, ಮಳೆ ನಿಂತ ಮೇಲೆ, ಬೀದಿದೀಪದ ಸುತ್ತ ಗೆದ್ದಲಿನ ರೆಕ್ಕೆಹುಳುಗಳು ಎದ್ದವು. ಕೆಳಗೆ ಐದು ನೆಲಗಪ್ಪೆಗಳು ಬಂದು ಕೂತವು. ಕಪ್ಪೆಗೆ ಎಂಟು ಹೆಜ್ಜೆಯೂ ಇಲ್ಲ. ಹೆಡ್‌ಲೈಟ್ ಬಿದ್ದರೆ ಇದ್ದಲ್ಲೇ ಕುಗ್ಗುತ್ತದೆ. ಬೆಳಿಗ್ಗೆ ಕಂಬದಡಿ ಮೂರು ಚಪ್ಪಟೆಯಾಗಿದ್ದವು.

ವೇಲ್ಸ್‌ನಲ್ಲಿ ಬೀದಿದೀಪದ ಕಂಬವೇ ವೇಗದ ನಿಯಮವನ್ನು ಹೇಳುತ್ತದೆ. ಕಂಬಗಳ ನಡುವೆ 200 ಗಜಕ್ಕಿಂತ ಹೆಚ್ಚು ಅಂತರವಿಲ್ಲದಿದ್ದರೆ ಅದು ಜನ ವಾಸಿಸುವ ಬೀದಿಯೆಂದು ಹಿಡಿದು, ಬೇರೆ ಬೋರ್ಡಿಲ್ಲದೆಯೇ ಮಿತಿ ಅನ್ವಯವಾಗುತ್ತದೆ. 2023ರ ಸೆಪ್ಟೆಂಬರ್ 17ರಂದು ಆ ಮಿತಿಯನ್ನು ಗಂಟೆಗೆ 30 ಮೈಲಿಯಿಂದ 20ಕ್ಕೆ, ಅಂದರೆ 32 ಕಿ.ಮೀ.ಗೆ, ಇಳಿಸಿದರು. ವಿರೋಧಿಸಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಕೆಲವು ರಸ್ತೆಗಳು 30 ಮೈಲಿಗೆ ಮರಳಿದವು. ಆದರೂ ಮೊದಲ ವರ್ಷದಲ್ಲೇ ಅಂಥ ಬೀದಿಗಳಲ್ಲಿ ಸತ್ತವರ, ಗಾಯಗೊಂಡವರ ಸಂಖ್ಯೆ ಇಳಿಯಿತು.

ಅಕ್ಟೋಬರ್‌ನಲ್ಲಿ ಮುಖ್ಯರಸ್ತೆ ತೆರೆಯಿತು. ಬೀದಿಯ ಸದ್ದು ತಗ್ಗಿದೆ. ಅಜ್ಜಿ ನುಚ್ಚು ಚೆಲ್ಲುವುದು ನಿಂತಿಲ್ಲ. ಉಳಿದ ಚೋರೆಹಕ್ಕಿ ಒಂಟಿಯಾಗಿ ಇಳಿಯುತ್ತದೆ, ನಾಲ್ಕು ಕಾಳು ಹೆಕ್ಕಿ ತಲೆ ಎತ್ತುತ್ತದೆ. ಇವತ್ತು ಬೆಳಿಗ್ಗೆ ಹಾಲಿನವನ ಸ್ಕೂಟರ್ ಎಂದಿನಂತೆ ನಿಧಾನವಾಗಿ ಬಂತು. ಎದ್ದು ಹೋಗಿ ಅಳೆದೆ. ಹದಿನೈದು ಹೆಜ್ಜೆ.