ಕಡುಬಿನೊಳಗೆ ಬಚ್ಚಿಟ್ಟ ನಗು

ತಪಸ್ಸುಕಾಲವೆಂದರೆ ಪ್ರಾರ್ಥನೆ, ಉಪವಾಸ, ದಾನಧರ್ಮಗಳ ಕಾಲ. ಅದರ ಗಾಂಭೀರ್ಯವನ್ನು ನಾವೆಲ್ಲರೂ ಬಲ್ಲೆವು. ಆದರೆ ಅದೇ ವ್ರತನಿಯಮಗಳ ನೆರಳಿನಲ್ಲಿ ಯುರೋಪಿನ ಕಥೋಲಿಕ ಗೃಹಿಣಿಯರು ಹಿಟ್ಟಿನ ಜೊತೆಗೆ ಒಂದಿಷ್ಟು ನಗೆಯನ್ನೂ ನಾದಿದ್ದಾರೆ. ಅವರು ತಮ್ಮ ಕಡುಬು ಹಾಗೂ ಪಾಸ್ತಗಳಿಗೆ ಇಟ್ಟ ಹೆಸರುಗಳೇ ಇದಕ್ಕೆ ಸಾಕ್ಷಿ.

ಜರ್ಮನಿಯ ನೈಋತ್ಯ ಭಾಗದ ಸ್ವಾಬಿಯ ಪ್ರದೇಶದಲ್ಲಿ 'ಮೌಲ್ಟಾಷೆನ್' ಎಂಬ ತಿನಿಸಿದೆ. ತೆಳುವಾಗಿ ಲಟ್ಟಿಸಿದ ಹಿಟ್ಟಿನೊಳಗೆ ಕೊಚ್ಚಿದ ಮಾಂಸ, ಪಾಲಕ್ ಸೊಪ್ಪು, ಈರುಳ್ಳಿ, ಬ್ರೆಡ್ಡಿನ ಪುಡಿಗಳ ಹೂರಣ ತುಂಬಿ, ಮಡಚಿ, ಕುದಿಸುತ್ತಾರೆ. 1147ರಲ್ಲಿ ಸ್ಥಾಪನೆಗೊಂಡ ಮೌಲ್‌ಬ್ರೊನ್ ಮಠದ ಸಿಸ್ಟರ್ಶಿಯನ್ ಸನ್ಯಾಸಿಗಳೇ ಇದರ ಜನಕರೆಂದು ಐತಿಹ್ಯ ಹೇಳುತ್ತದೆ. ಆಗ ತಪಸ್ಸುಕಾಲದ ಉದ್ದಕ್ಕೂ ಮಾಂಸ ನಿಷಿದ್ಧ. ಕೈಗೆ ಬಂದ ಮಾಂಸವನ್ನು ಎಸೆಯಲು ಮನಸ್ಸಾಗದೆ, ಸೊಪ್ಪಿನಲ್ಲಿ ಬೆರೆಸಿ ಹಿಟ್ಟಿನೊಳಗೆ ಅಡಗಿಸಿದರಂತೆ. ಮೇಲಿನಿಂದ ನೋಡುವ ದೇವರಿಗೆ ಕಾಣಿಸದಿರಲೆಂದು! ಆದುದರಿಂದಲೇ ಜನರು ಅದನ್ನು 'ದೇವರಿಗೆ ಟೋಪಿ ಹಾಕುವ ಪುಟಾಣಿಗಳು' ಎಂಬರ್ಥದ ಅಡ್ಡಹೆಸರಿನಿಂದ ಕರೆದರು. ಇಂದಿಗೂ ಪವಿತ್ರ ಗುರುವಾರದಂದು ಅಲ್ಲಿ ಅದನ್ನು ತಿನ್ನುವ ವಾಡಿಕೆಯಿದೆ. 2009ರಲ್ಲಿ ಯುರೋಪಿಯನ್ ಒಕ್ಕೂಟವು ಅದಕ್ಕೆ ಪ್ರಾದೇಶಿಕ ವಿಶೇಷತೆಯ ರಕ್ಷಣೆಯನ್ನೂ ನೀಡಿತು.

ಇಟಲಿಯ ರೊಮಾಞ ಪ್ರದೇಶದ ಮಹಿಳೆಯರ ವಿನೋದ ಇನ್ನೂ ಹರಿತವಾದುದು. ಅಂಗೈಗಳ ನಡುವೆ ಹೊಸೆದು ತಿರುಚಿದ ಪಾಸ್ತಕ್ಕೆ ಅವರಿಟ್ಟ ಹೆಸರು 'ಸ್ತ್ರೊಟ್ಸಾಪ್ರೇತಿ', ಎಂದರೆ ಪಾದ್ರಿಗಳ ಕತ್ತು ಹಿಸುಕುವುದು! ರುಚಿಗೆ ಮರುಳಾದ ಗುರುಗಳು ಅವಸರದಲ್ಲಿ ನುಂಗಿ ಉಸಿರುಗಟ್ಟಿದರೆಂಬುದು ಒಂದು ಕಥೆ. ಇನ್ನೊಂದು ಕಥೆಯಲ್ಲಿ ನೋವಿದೆ. ಧರ್ಮಸಭೆಯ ಜಮೀನಿನ ಗೇಣಿಯಾಗಿ ಮೊಟ್ಟೆಗಳನ್ನೆಲ್ಲ ಒಪ್ಪಿಸಿದ ಬಡ ರೈತನ ಮನೆಯಲ್ಲಿ ಉಳಿದದ್ದು ಹಿಟ್ಟು ಮತ್ತು ನೀರು ಮಾತ್ರ. ಅದರಲ್ಲೇ ಪಾಸ್ತ ಹೊಸೆಯುತ್ತ ಮನೆಯವರು ಗೊಣಗಿದರಂತೆ. ಕಥೆಗಳ ಸತ್ಯಾಸತ್ಯತೆ ಹೇಗೇ ಇರಲಿ, ಗುರುಗಳನ್ನು ಗೇಲಿ ಮಾಡಿದ ಆ ಜನರೇ ಭಾನುವಾರ ಬಲಿಪೂಜೆಗೂ ಬರುತ್ತಿದ್ದರು. ಸ್ವಂತ ಮನೆಯ ಹಿರಿಯರನ್ನಲ್ಲದೆ ಬೇರೆ ಯಾರನ್ನು ಹಾಗೆ ಛೇಡಿಸಲು ಸಾಧ್ಯ?

ತಮ್ಮ ಕೈಗೆಲಸವನ್ನೂ ಇಟಲಿಯ ತಾಯಂದಿರು ಗೇಲಿ ಮಾಡದೆ ಬಿಡಲಿಲ್ಲ. ಸೊಪ್ಪು ಮತ್ತು ರಿಕೊಟ್ಟ ಚೀಸನ್ನು ಬೆರೆಸಿದ ಹೂರಣವನ್ನು ಹಿಟ್ಟಿನ ಹೊದಿಕೆಯಿಲ್ಲದೆ ಉಂಡೆ ಕಟ್ಟಿ ಬೇಯಿಸಿದಾಗ ಟಸ್ಕನಿಯಲ್ಲಿ ಅದು 'ಬೆತ್ತಲೆ ಕಡುಬು' ಆಯಿತು. ಬೇರೆಡೆ ಅಂಥದ್ದೇ ಉಂಡೆಗಳಿಗೆ 'ಕೆಟ್ಟದಾಗಿ ಮಾಡಿದ್ದು' ಎಂದೇ ಹೆಸರು.

ಪೋಲೆಂಡಿನಲ್ಲಿ ಕಡುಬಿಗೆ ಸಂತರೊಬ್ಬರ ನಂಟೂ ಇದೆ. 1257ರಲ್ಲಿ ನಿಧನರಾದ ದೊಮಿನಿಕನ್ ಗುರು ಸಂತ ಹಯಸಿಂತರು ಹಸಿದವರಿಗೆ 'ಪಿಯೆರೊಗಿ' ಕಡುಬುಗಳನ್ನು ಉಣಿಸಿದರೆಂದು ಜನಪದರ ನಂಬಿಕೆ. ಅಚ್ಚರಿಯಾದಾಗ "ಕಡುಬಿನ ಸಂತ ಹಯಸಿಂತರೇ!" ಎಂದು ಉದ್ಗರಿಸುವ ರೂಢಿ ಆ ಭಾಷೆಯಲ್ಲಿದೆ. ಡಿಸೆಂಬರ್ 24ರ ರಾತ್ರಿಯ ಮಾಂಸರಹಿತ ಊಟದಲ್ಲಿ ಎಲೆಕೋಸು ಮತ್ತು ಅಣಬೆ ತುಂಬಿದ ಪಿಯೆರೊಗಿ ಇರಲೇಬೇಕು. ಕೆಲವು ಮನೆಗಳಲ್ಲಿ ಒಂದರೊಳಗೆ ಮಾತ್ರ ನಾಣ್ಯ ಅಡಗಿಸುತ್ತಾರೆ, ಸಿಕ್ಕವರು ಭಾಗ್ಯವಂತರು. ಅದೇ ಮೇಜಿನ ಮೇಲೆ, ಅನಿರೀಕ್ಷಿತವಾಗಿ ಬರಬಹುದಾದ ಅತಿಥಿಗಾಗಿ ಒಂದು ತಟ್ಟೆಯನ್ನು ಖಾಲಿ ಇಡುವ ಸಂಪ್ರದಾಯವೂ ಇದೆ.

ಆ ಖಾಲಿ ತಟ್ಟೆ ನಮ್ಮನ್ನು ಪ್ರಶ್ನಿಸುತ್ತದೆ. ದೇವರಿಂದ ಮಾಂಸವನ್ನು ಬಚ್ಚಿಡಲು ಸಾಧ್ಯವೇ? ಸಾಧ್ಯವಿಲ್ಲವೆಂದು ಸ್ವಾಬಿಯದ ಅಜ್ಜಿಯರಿಗೂ ತಿಳಿದಿತ್ತು. ಅದಕ್ಕೆಂದೇ ಅವರು ನಕ್ಕರು. ಆ ವಿನೋದದ ಗುರಿ ದೇವರಲ್ಲ. ನಿಯಮದ ಅಕ್ಷರವನ್ನು ಪಾಲಿಸಿ ಆಶಯವನ್ನು ತಪ್ಪಿಸಿಕೊಳ್ಳುವ ನಮ್ಮ ಜಾಣತನ. ಜಗದ್ಗುರು ಆರನೆಯ ಪೌಲರು 1966ರಲ್ಲಿ ಉಪವಾಸದ ನಿಯಮಗಳನ್ನು ಸಡಿಲಿಸಿದಾಗ, ಪ್ರಾರ್ಥನೆ ಮತ್ತು ಪರೋಪಕಾರದ ಹೊಣೆಯನ್ನು ಸಡಿಲಿಸಲಿಲ್ಲ. ಶುಕ್ರವಾರ ಮಾಂಸ ಬಿಟ್ಟು ದುಬಾರಿ ಸಿಗಡಿ, ಅಂಜಲ್ ಮೀನುಗಳ ಔತಣ ಮಾಡಿದರೆ ನಿಯಮವೇನೋ ಉಳಿದೀತು. ಆದರೆ ಹಸಿದವನ ತಟ್ಟೆ ಖಾಲಿಯಾಗಿಯೇ ಉಳಿಯುತ್ತದೆ.

ನಮ್ಮ ಕರಾವಳಿಯ ಮನೆಗಳಿಗೂ ಈ ಪಾಠ ಹೊಸದಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯನ್ನು ಹಂಚಿ ಸಸ್ಯಾಹಾರದ ಊಟ ಮಾಡುತ್ತೇವೆ. ಅರಸಿನ ಎಲೆಯಲ್ಲಿ ಅಕ್ಕಿ ಹಿಟ್ಟು ಸವರಿ, ಬೆಲ್ಲ-ಕಾಯಿತುರಿ ತುಂಬಿ, ಮಡಚಿ, ಹಬೆಯಲ್ಲಿ ಬೇಯಿಸುವ ಪಾತೋಳಿಯ ಪರಿಮಳ ಯಾರಿಗೆ ಗೊತ್ತಿಲ್ಲ? ಕ್ರಿಸ್ಮಸ್ ಕುಸ್ವಾರಿನ ನೆವ್ರಿಯಂತೂ ಆಕಾರದಲ್ಲಿ ಪಿಯೆರೊಗಿಯ ತಂಗಿಯೇ. ಇಂದು ಅದೂ ಅಂಗಡಿಯ ಪೊಟ್ಟಣದಲ್ಲಿ ದೊರೆಯುತ್ತದೆ. ಕೊಳ್ಳುವುದು ತಪ್ಪಲ್ಲ. ಆದರೆ ಅಜ್ಜಿ, ಸೊಸೆ, ಮೊಮ್ಮಕ್ಕಳು ಸುತ್ತ ಕುಳಿತು ಅಂಚು ಮಡಚುವಾಗ ಹುಟ್ಟುವ ತಮಾಷೆ ಪೊಟ್ಟಣದಲ್ಲಿ ಬರುವುದಿಲ್ಲ.

ಈ ಬಾರಿ ಹಬ್ಬಕ್ಕೆ ಮಕ್ಕಳ ಕೈಗೂ ಒಂದು ಮುದ್ದೆ ಹಿಟ್ಟು ಕೊಡೋಣ. ಅವರ ನೆವ್ರಿ ಸೊಟ್ಟಗಾದರೆ ನಕ್ಕು, ಅದಕ್ಕೊಂದು ಹೊಸ ಹೆಸರಿಡೋಣ. ಮೊದಲ ತಟ್ಟೆಯನ್ನು ಮಾತ್ರ, ಹಬ್ಬ ಮಾಡಲಾಗದ ನೆರೆಮನೆಗೆ ಅವರ ಕೈಯಲ್ಲೇ ಕಳುಹಿಸೋಣ.