ಪೆಟ್ಟಿಗೆ ನಮ್ಮದು, ತಂತಿ ಯಾರದು?

ಮನೆಗೆ ಹೊಸ ಯಂತ್ರವೊಂದನ್ನು ತರುವಾಗ ನಾವು ನಾಲ್ಕು ಕಡೆ ವಿಚಾರಿಸಿಯೇ ತರುತ್ತೇವೆ. ಮಿಕ್ಸಿಯಾದರೆ ಮೋಟಾರು ಹೇಗಿದೆ, ಟೀವಿಯಾದರೆ ಚಿತ್ರ ಹೇಗಿದೆ, ಗ್ಯಾರಂಟಿ ಎಷ್ಟು ವರ್ಷ ಎಂದು ಅಂಗಡಿಯವನನ್ನು ಕೇಳುತ್ತೇವೆ. ಮಕ್ಕಳು ಹಟ ಹಿಡಿದು ಬೇಡುವ ವಿಡಿಯೊ ಆಟದ ಯಂತ್ರಕ್ಕೆ, ಅಂದರೆ ಕನ್ಸೋಲಿಗೆ, ಈ ಅಳತೆಗೋಲು ಸಾಲದು. ಏಕೆಂದರೆ ಇಂದು ಅಂಗಡಿಯಿಂದ ಮನೆಗೆ ಬರುವುದು ಅರ್ಧ ಯಂತ್ರ ಮಾತ್ರ. ಉಳಿದರ್ಧ ಎಲ್ಲೋ ದೂರದಲ್ಲಿ, ಕಂಪೆನಿಯ ಸರ್ವರ್‌ಗಳಲ್ಲಿ ಇರುತ್ತದೆ. ಅದನ್ನು ನಾವು ನೋಡುವಂತಿಲ್ಲ, ಮುಟ್ಟುವಂತಿಲ್ಲ. ಆದರೆ ಅದು ನಿಂತ ದಿನ ನಮ್ಮ ಮನೆಯ ಯಂತ್ರವೂ ಅಷ್ಟರಮಟ್ಟಿಗೆ ನಿಲ್ಲುತ್ತದೆ.

ಹಾಗಾದರೆ ಇಂತಹ ಯಂತ್ರದ ಬೆಲೆ ಕಟ್ಟುವುದು ಹೇಗೆ? ಉತ್ತರಕ್ಕಾಗಿ ಹಳೆಯ ಯಂತ್ರವೊಂದನ್ನು ಪರೀಕ್ಷಿಸುವುದು ಒಳ್ಳೆಯದು. ಹೊಸ ಯಂತ್ರದ ಕುಂದುಗಳನ್ನು ಜಾಹೀರಾತು ಮುಚ್ಚಿಡುತ್ತದೆ. ಹಳೆಯದರ ಗುಣದೋಷಗಳನ್ನು ಕಾಲವೇ ಬಯಲು ಮಾಡಿರುತ್ತದೆ. ನಾವಿಲ್ಲಿ ನೋಡಲಿರುವುದು ಜಪಾನಿನ ಸೆಗಾ ಕಂಪೆನಿಯ ಡ್ರೀಮ್‌ಕಾಸ್ಟ್ ಎಂಬ ಯಂತ್ರವನ್ನು. ಅದು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1998ರ ನವೆಂಬರ್ 27ರಂದು, ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9ರಂದು. ತಯಾರಿಕೆ ನಿಂತದ್ದು 2001ರಲ್ಲಿ. ಅಷ್ಟು ಚಿಕ್ಕ ಬಾಳಿನಲ್ಲೇ ಅದು ಮುಂದಿನ ಕಾಲು ಶತಮಾನದ ಆಟದ ಯಂತ್ರಗಳ ದಾರಿಯನ್ನು ತೋರಿಸಿಕೊಟ್ಟಿತು.

ಪೆಟ್ಟಿಗೆಯ ಅಳತೆ

ಮೊದಲು ಕಣ್ಣಿಗೆ ಕಾಣುವ ಪೆಟ್ಟಿಗೆಯನ್ನು ನೋಡೋಣ. ಅದರ ಮಿದುಳು ಹಿಟಾಚಿ ಕಂಪೆನಿಯ ಎಸ್‌ಎಚ್-4 ಸಂಸ್ಕಾರಕ. ವೇಗ 200 ಮೆಗಾಹರ್ಟ್ಸ್. ಮುಖ್ಯ ನೆನಪಿನಕೋಶ 16 ಮೆಗಾಬೈಟ್. ಇಂದಿನ ಅಗ್ಗದ ಮೊಬೈಲ್ ಫೋನಿನ ಮುಂದೆಯೂ ಇದು ಲೆಕ್ಕಕ್ಕಿಲ್ಲ. ಆದರೆ ಅಂದು ಟೀವಿಯ ಪರದೆಯ ಮೇಲೆ ಇಷ್ಟು ನಯವಾದ ಚಿತ್ರವನ್ನು ಮನೆಯಲ್ಲಿ ಕಂಡವರು ಕಡಿಮೆ. ಆಟಗಳು ಬರುತ್ತಿದ್ದುದು ಸುಮಾರು ಒಂದು ಗಿಗಾಬೈಟ್ ಹಿಡಿಯುವ ಜಿಡಿ-ರಾಮ್ ಎಂಬ ವಿಶೇಷ ತಟ್ಟೆಗಳಲ್ಲಿ. ಮುಂಭಾಗದಲ್ಲಿ ನಾಲ್ಕು ಕಂಡಿಗಳಿದ್ದವು. ನಾಲ್ಕು ಜನ ಒಂದೇ ಟೀವಿಯ ಮುಂದೆ ಕುಳಿತು ಒಟ್ಟಿಗೆ ಆಡಬಹುದಿತ್ತು. ಕೈಯಲ್ಲಿ ಹಿಡಿಯುವ ನಿಯಂತ್ರಕದೊಳಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ನೆನಪಿನ ಬಿಲ್ಲೆಯೊಂದನ್ನು ಸಿಕ್ಕಿಸಬೇಕು. ಅದಕ್ಕೂ ಒಂದು ಪುಟ್ಟ ಪರದೆ. ಆಟಗಾರ ಎಲ್ಲಿಯವರೆಗೆ ಬಂದಿದ್ದಾನೆ, ಏನೇನು ಗಳಿಸಿದ್ದಾನೆ ಎಂಬ ಲೆಕ್ಕವೆಲ್ಲ ಈ ಬಿಲ್ಲೆಯಲ್ಲಿ ಉಳಿಯುತ್ತಿತ್ತು. ಈ ಬಿಲ್ಲೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಮತ್ತೆ ಬರುತ್ತದೆ.

ಅಮೆರಿಕದಲ್ಲಿ ಇದರ ಬೆಲೆ 199 ಡಾಲರ್. ಮಾರಾಟದ ಮೊದಲ 24 ಗಂಟೆಗಳಲ್ಲೇ ಅಲ್ಲಿ ಎರಡು ಲಕ್ಷ 25 ಸಾವಿರಕ್ಕೂ ಹೆಚ್ಚು ಯಂತ್ರಗಳು ಖರ್ಚಾದವು. ಪೆಟ್ಟಿಗೆಯನ್ನಷ್ಟೇ ಅಳೆದರೆ ಡ್ರೀಮ್‌ಕಾಸ್ಟ್ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗುತ್ತದೆ.

ತಂತಿಯ ಅಳತೆ

ಅದರ ನಿಜವಾದ ವಿಶೇಷ ಇದ್ದದ್ದು ಪಕ್ಕದಲ್ಲಿ: ದೂರವಾಣಿ ತಂತಿಯನ್ನು ಸಿಕ್ಕಿಸುವ ಒಂದು ಕಂಡಿ. ಆಟದ ಯಂತ್ರವನ್ನು ಹೊರಜಗತ್ತಿಗೆ ಜೋಡಿಸುವ ಪ್ರಯತ್ನ ಅದಕ್ಕೂ ಮೊದಲು ನಡೆದಿತ್ತು. ನಿಂಟೆಂಡೊ ಕಂಪೆನಿ 1988ರಲ್ಲೇ ಜಪಾನಿನಲ್ಲಿ ತನ್ನ ಫ್ಯಾಮಿಕಾಮ್ ಯಂತ್ರಕ್ಕೆ ಮೋಡೆಮ್ ಒದಗಿಸಿತ್ತು. ಜನ ಅದರಿಂದ ಷೇರು ವ್ಯವಹಾರವನ್ನೂ ನಡೆಸಬಹುದಿತ್ತು. 1995ರಲ್ಲಿ ಉಪಗ್ರಹದ ಮೂಲಕ ಆಟಗಳನ್ನು ಮನೆಮನೆಗೆ ಬಿತ್ತರಿಸುವ ಏರ್ಪಾಟನ್ನೂ ಅದು ಮಾಡಿತು. ಆದರೆ ಇವೆಲ್ಲ ಬೇಕಾದವರು ಬೇರೆಯಾಗಿ ಹಣ ತೆತ್ತು ಪಡೆಯುವ ಜೋಡಣೆಗಳು. ಸೆಗಾ ಮಾತ್ರ ಜಪಾನ್, ಅಮೆರಿಕ ಮತ್ತು ಯುರೋಪಿನಲ್ಲಿ ಮೋಡೆಮನ್ನು ಯಂತ್ರದೊಂದಿಗೇ ಕೊಟ್ಟಿತು.

ಕಂಪ್ಯೂಟರಿನ ಸಂಕೇತಗಳನ್ನು ದೂರವಾಣಿ ತಂತಿಯಲ್ಲಿ ಸಾಗಬಲ್ಲ ಸದ್ದಾಗಿಯೂ, ಆ ಸದ್ದನ್ನು ಮತ್ತೆ ಸಂಕೇತವಾಗಿಯೂ ಮಾರ್ಪಡಿಸುವುದು ಮೋಡೆಮಿನ ಕೆಲಸ. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದ ಬಳಿಕ ನಮ್ಮಲ್ಲಿಯೂ ಅನೇಕರು ಅದರ ಕಿರ್ರೆನ್ನುವ ಸದ್ದನ್ನು ಕೇಳಿಸಿಕೊಂಡು ಕಾದು ಕುಳಿತವರೇ. ಅಮೆರಿಕದ ಡ್ರೀಮ್‌ಕಾಸ್ಟಿನ ಮೋಡೆಮಿನ ಗರಿಷ್ಠ ವೇಗ ಸೆಕೆಂಡಿಗೆ 56 ಸಾವಿರ ಬಿಟ್. ಈ ವೇಗದಲ್ಲಿ ಒಂದು ಗಿಗಾಬೈಟಿನ ಇಡೀ ಆಟವನ್ನು ತರಿಸಿಕೊಳ್ಳಲು ಸುಮಾರು 40 ಗಂಟೆ ಬೇಕು.

ಹಾಗಿದ್ದರೆ ಅಷ್ಟು ಸಪೂರ ತಂತಿಯಲ್ಲಿ ಆಟವಾಡುವುದಾದರೂ ಹೇಗೆ? ಅಂಚೆಯಲ್ಲಿ ಚದುರಂಗ ಆಡುವವರನ್ನು ನೆನೆಯಿರಿ. ಹಲಗೆಯನ್ನೂ ಕಾಯಿಗಳನ್ನೂ ಯಾರೂ ಅಂಚೆಗೆ ಹಾಕುವುದಿಲ್ಲ. ಅವು ಇಬ್ಬರ ಮನೆಯಲ್ಲೂ ಇರುತ್ತವೆ. ಕಾರ್ಡಿನಲ್ಲಿ ಹೋಗುವುದು ಯಾವ ಕಾಯಿ ಎಲ್ಲಿಗೆ ನಡೆಯಿತು ಎಂಬ ಒಂದು ಸಾಲು. ಇಲ್ಲಿಯೂ ಹಾಗೆಯೇ. ಕಾಡು, ಗುಹೆ, ರಾಕ್ಷಸ ಎಲ್ಲವೂ ಪ್ರತಿಯೊಬ್ಬರ ತಟ್ಟೆಯಲ್ಲೇ ಇವೆ. ತಂತಿಯಲ್ಲಿ ಹೋಗುವುದು ಯಾರು ಎಲ್ಲಿ ನಿಂತರು, ಏನು ಮಾಡಿದರು ಎಂಬಷ್ಟೇ ಸುದ್ದಿ. ತೊಂದರೆಯೆಂದರೆ ಆ ಸುದ್ದಿ ತಲುಪುವುದು ಕೊಂಚ ತಡ. ಗುಂಡು ಹಾರಿಸುವ ಆಟಗಳಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾದರೂ ಸೋಲು ಖಚಿತ.

ಅಮೆರಿಕದಲ್ಲಿ ಇದಕ್ಕಾಗಿಯೇ 2000ದ ಸೆಪ್ಟೆಂಬರಿನಲ್ಲಿ ಸೆಗಾನೆಟ್ ಎಂಬ ಸೇವೆ ಆರಂಭವಾಯಿತು. ಅದರ ಚಂದಾ ತಿಂಗಳಿಗೆ 21.95 ಡಾಲರ್. ಹತ್ತು ತಿಂಗಳು ಕಟ್ಟಿದರೆ ಮೊತ್ತ ಯಂತ್ರದ ಮೊದಲ ಬೆಲೆಯನ್ನೇ ಮೀರುತ್ತಿತ್ತು. ಜಪಾನಿನಲ್ಲಿ ಸ್ಥಳೀಯ ಕರೆಗೂ ನಿಮಿಷದ ಲೆಕ್ಕದಲ್ಲಿ ಹಣ ಬೀಳುತ್ತಿತ್ತು. ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ನಿಗದಿತ ಶುಲ್ಕ ಕಟ್ಟಿ ಎಷ್ಟು ಹೊತ್ತಾದರೂ ಮಾತನಾಡಬಹುದಾದ ಯೋಜನೆಯೊಂದಿತ್ತು. ಅದನ್ನು ನಂಬಿದವರಿಗೆ ಆಟದ ಹೊತ್ತನ್ನು ಗೊತ್ತುಮಾಡಿದ್ದು ದೂರವಾಣಿ ಬಿಲ್ಲೇ. ಯಂತ್ರದ ಬೆಲೆಯೆಂದರೆ ಅದರ ಮೇಲೆ ಅಂಟಿಸಿದ ಚೀಟಿಯಲ್ಲಿರುವುದಷ್ಟೇ ಅಲ್ಲ ಎಂಬುದು ಇಲ್ಲಿಯ ಮೊದಲ ಪಾಠ.

ಭಾಷೆ ದಾಟಿದ ಆಟ

ಈ ಸೇವೆಯಿಂದ ದೊರೆತದ್ದೇನು? 2000ದ ಡಿಸೆಂಬರಿನಲ್ಲಿ ಜಪಾನಿನಲ್ಲೂ ಮರು ತಿಂಗಳು ಅಮೆರಿಕದಲ್ಲೂ ಹೊರಬಂದ ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಇದಕ್ಕೆ ಉತ್ತರ. ಯೂಜಿ ನಾಕಾ ಅವರ ತಂಡ ರೂಪಿಸಿದ ಈ ಆಟದಲ್ಲಿ ನಾಲ್ವರು ಆಟಗಾರರು ಜೊತೆಗೂಡಿ ಅನ್ಯಗ್ರಹವೊಂದರಲ್ಲಿ ಬೇಟೆಗೆ ಇಳಿಯುತ್ತಾರೆ. ಒಬ್ಬರ ಮೇಲೊಬ್ಬರು ಬೀಳುವ ಆಟವಲ್ಲವಾದ್ದರಿಂದ ತಂತಿಯ ನಿಧಾನ ಅಷ್ಟಾಗಿ ಬಾಧಿಸಲಿಲ್ಲ.

ಇದರಲ್ಲಿ ಇನ್ನೊಂದು ಜಾಣತನವಿತ್ತು. ಟೋಕಿಯೊದ ಹುಡುಗ, ಪ್ಯಾರಿಸಿನ ಹುಡುಗಿ, ನ್ಯೂಯಾರ್ಕಿನ ಗುಮಾಸ್ತ ಒಂದೇ ತಂಡದಲ್ಲಿದ್ದರೆ ಮಾತನಾಡುವುದು ಯಾವ ಭಾಷೆಯಲ್ಲಿ? ಅದಕ್ಕಾಗಿ ಸಿದ್ಧ ವಾಕ್ಯಗಳ ಪಟ್ಟಿಯೊಂದನ್ನು ಒದಗಿಸಲಾಗಿತ್ತು. ಜಪಾನಿ ಆಟಗಾರ ತನ್ನ ಭಾಷೆಯಲ್ಲಿ ‘ಸಹಾಯ ಮಾಡಿ’ ಎಂಬ ವಾಕ್ಯವನ್ನು ಆರಿಸಿದರೆ ಫ್ರೆಂಚರ ಪರದೆಯಲ್ಲಿ ಅದು ಫ್ರೆಂಚಿನಲ್ಲೂ ಜರ್ಮನರ ಪರದೆಯಲ್ಲಿ ಜರ್ಮನಿನಲ್ಲೂ ಮೂಡುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದ, ಭಾಷೆ ತಿಳಿಯದ ಜನ ಒಂದೇ ರಾತ್ರಿ ಒಟ್ಟಿಗೆ ಬೇಟೆಯಾಡಿದರು. ಸೇವೆಯನ್ನು ಅಳೆಯುವಾಗ ಈ ಸುಖವನ್ನೂ ತಕ್ಕಡಿಗೆ ಹಾಕಬೇಕು. ಅದು ಚಿಕ್ಕದಲ್ಲ.

ಈಗ ಆ ನೆನಪಿನ ಬಿಲ್ಲೆಗೆ ಬರೋಣ. ಈ ಆಟದಲ್ಲಿ ಬೇಟೆಗಾರ ಗಳಿಸಿದ ಆಯುಧ, ಅಂತಸ್ತು ಎಲ್ಲ ಉಳಿಯುತ್ತಿದ್ದುದು ಕಂಪೆನಿಯ ಸರ್ವರಿನಲ್ಲಲ್ಲ, ಆಟಗಾರನ ಬಿಲ್ಲೆಯಲ್ಲಿ. ಇದರಿಂದ ಕೇಡೂ ಆಯಿತು. ಕೈಯಲ್ಲಿರುವ ಲೆಕ್ಕವನ್ನು ತಿದ್ದುವುದು ಸುಲಭ. ಕಳ್ಳ ಆಟಗಾರರು ಅಪರೂಪದ ಆಯುಧಗಳ ನಕಲು ಮಾಡಿಕೊಂಡರು, ಪ್ರಾಮಾಣಿಕರ ಆಟ ಕೆಡಿಸಿದರು. ಆದರೆ ಅದೇ ಏರ್ಪಾಟಿನಿಂದ ಒಂದು ಲಾಭವೂ ಇತ್ತು. ತಂತಿ ಕಿತ್ತರೂ ಅದೇ ಬೇಟೆಗಾರನನ್ನು ಇಟ್ಟುಕೊಂಡು ಮನೆಯಲ್ಲಿ ಒಂಟಿಯಾಗಿ ಆಡಬಹುದಿತ್ತು.

ಕಂಪೆನಿ ಸೋತಾಗ

ಅಷ್ಟರಲ್ಲಿ ಸೆಗಾದ ಕೈ ಬರಿದಾಗಿತ್ತು. ಹಿಂದಿನ ಯಂತ್ರದ ಸೋಲಿನಿಂದ ಅದು ಚೇತರಿಸಿಕೊಂಡಿರಲಿಲ್ಲ. 2000ದ ಮಾರ್ಚಿನಲ್ಲಿ ಜಪಾನಿನಲ್ಲಿ ಸೋನಿಯ ಪ್ಲೇಸ್ಟೇಷನ್ 2 ಬಂದಿತು. ಅದರಲ್ಲಿ ಡಿವಿಡಿ ಸಿನಿಮಾಗಳನ್ನೂ ನೋಡಬಹುದಿತ್ತು. ಮುಂದೆ ಅದು 15 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅಮೆರಿಕದಲ್ಲಿ ಆ ಯಂತ್ರದೊಳಗೆ ಮೋಡೆಮ್ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಜನ ಅಂದು ತಂತಿಗಿಂತ ಸಿನಿಮಾವನ್ನೇ ಬಯಸಿದರು.

2001ರ ಜನವರಿ 31ರಂದು ಸೆಗಾ ತನ್ನ ಯಂತ್ರದ ತಯಾರಿಕೆಯನ್ನು ಮಾರ್ಚ್ ಕೊನೆಗೆ ನಿಲ್ಲಿಸುವುದಾಗಿ ಸಾರಿತು. ಕಂಪೆನಿಯ ಮುಖ್ಯಸ್ಥ ಇಸಾವೊ ಒಕಾವಾ ತಾವು ಕೊಟ್ಟಿದ್ದ ಸಾಲವನ್ನು ಮನ್ನಾ ಮಾಡಿ, ಸ್ವಂತ ಷೇರುಗಳನ್ನೂ ಕಂಪೆನಿಗೇ ಬಿಟ್ಟುಕೊಟ್ಟು, ಮಾರ್ಚ್ 16ರಂದು ತೀರಿಕೊಂಡರು. ಒಟ್ಟು ಮಾರಾಟವಾದ ಡ್ರೀಮ್‌ಕಾಸ್ಟ್‌ಗಳು ಸುಮಾರು 91 ಲಕ್ಷ. ಸೆಗಾನೆಟ್ ಸೇವೆಯೂ 2001ರಲ್ಲೇ ಮುಗಿಯಿತು. ಫ್ಯಾಂಟಸಿ ಸ್ಟಾರ್‌ನ ಜಪಾನಿನ ಸರ್ವರ್‌ಗಳು ಮಾತ್ರ 2007ರವರೆಗೆ ಉಸಿರಾಡಿದವು.

ಉಳಿದದ್ದು ಏನು?

ಇಲ್ಲಿಯೇ ನಮ್ಮ ಪರೀಕ್ಷೆಯ ಮುಖ್ಯ ಪ್ರಶ್ನೆ ಇರುವುದು. ಕಂಪೆನಿ ಕೈಬಿಟ್ಟ ಮೇಲೆ ಕೊಂಡವನ ಕೈಯಲ್ಲಿ ಉಳಿದದ್ದೇನು? ಡ್ರೀಮ್‌ಕಾಸ್ಟಿನ ವಿಷಯದಲ್ಲಿ ಬಹಳಷ್ಟು ಉಳಿಯಿತು. ತಟ್ಟೆಯಲ್ಲಿರುವ ಆಟ ತಟ್ಟೆಯಲ್ಲೇ ಇದೆ. ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಇಂದೂ ಆಡಬಹುದು, ಸ್ನೇಹಿತನಿಗೆ ಎರವಲು ಕೊಡಬಹುದು, ಮಾರಬಹುದು. ಅಷ್ಟೇ ಅಲ್ಲ, ಅಭಿಮಾನಿಗಳು ತಾವೇ ಸರ್ವರ್‌ಗಳನ್ನು ಕಟ್ಟಿಕೊಂಡರು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ದೂರವಾಣಿ ಕೇಂದ್ರದಂತೆ ನಟಿಸುವುದನ್ನು ಕಲಿಸಿ, ಹಳೆಯ ಮೋಡೆಮನ್ನು ಇಂದಿನ ಇಂಟರ್‌ನೆಟ್ಟಿಗೆ ಜೋಡಿಸಿದರು.

ಅನಂತರದ ಯಂತ್ರಗಳನ್ನು ಇದೇ ಪರೀಕ್ಷೆಗೆ ಒಡ್ಡಿ ನೋಡಿ. ಮೈಕ್ರೊಸಾಫ್ಟ್ 2002ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಲೈವ್ ಸೇವೆಯನ್ನು ತೆರೆಯಿತು. ಮೊದಲ ಎಕ್ಸ್‌ಬಾಕ್ಸಿಗೆ ಆ ಸೇವೆಯನ್ನು 2010ರ ಏಪ್ರಿಲ್‌ನಲ್ಲಿ ಮುಚ್ಚಿತು. 2011ರಲ್ಲಿ ಕಳ್ಳರು ಸೋನಿಯ ಜಾಲಕ್ಕೆ ನುಗ್ಗಿ ಸುಮಾರು 7.7 ಕೋಟಿ ಖಾತೆಗಳ ವಿವರ ಅಪಾಯಕ್ಕೆ ಸಿಲುಕಿತು. ಮೂರು ವಾರಕ್ಕೂ ಹೆಚ್ಚು ಕಾಲ ಸೇವೆ ನಿಂತಿತ್ತು. ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಯಂತ್ರಗಳ ಆನ್‌ಲೈನ್ ಅಂಗಡಿಯನ್ನು 2023ರ ಮಾರ್ಚಿನಲ್ಲೂ ಅವುಗಳಲ್ಲಿ ಆನ್‌ಲೈನ್ ಆಡುವ ಸೌಲಭ್ಯವನ್ನು 2024ರ ಏಪ್ರಿಲ್‌ನಲ್ಲೂ ನಿಲ್ಲಿಸಿತು. ಯೂಬಿಸಾಫ್ಟ್ ಕಂಪೆನಿಯ ‘ದಿ ಕ್ರೂ’ ಎಂಬ ಕಾರ್ ಓಡಿಸುವ ಆಟದ ಗತಿ ಇನ್ನೂ ವಿಚಿತ್ರ. 2024ರ ಮಾರ್ಚ್ ಕೊನೆಗೆ ಸರ್ವರ್ ನಿಂತಾಗ, ಹಣ ಕೊಟ್ಟು ತಟ್ಟೆ ಕೊಂಡವರು ಮನೆಯಲ್ಲಿ ಒಬ್ಬರೇ ಕುಳಿತು ಆಡುವುದೂ ಸಾಧ್ಯವಾಗಲಿಲ್ಲ.

2020ರಿಂದ ಈಚೆಗೆ ತಟ್ಟೆ ಹಾಕಲು ಕಂಡಿಯೇ ಇಲ್ಲದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಆಟವನ್ನು ಜಾಲದಿಂದಲೇ ಇಳಿಸಿಕೊಳ್ಳಬೇಕು. ಅಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದಾಗ ನಮಗೆ ದೊರೆಯುವುದು ಆಟದ ಒಡೆತನವಲ್ಲ, ಅದನ್ನು ಆಡಲು ಪರವಾನಗಿ. ಇದನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಕಾನೂನನ್ನೇ ಮಾಡಬೇಕಾಯಿತು. ಅದು 2025ರ ಜನವರಿ 1ರಂದು ಜಾರಿಗೆ ಬಂದಿತು.

ಕೇಳಬೇಕಾದ ಪ್ರಶ್ನೆಗಳು

ಆದ್ದರಿಂದ ಆಟದ ಯಂತ್ರ ಕೊಳ್ಳಲು ಹೊರಟವರು ಚಿತ್ರದ ಸೊಬಗಿನ ಜೊತೆಗೆ ಇನ್ನೂ ನಾಲ್ಕು ಮಾತುಗಳನ್ನು ವಿಚಾರಿಸುವುದು ಮೇಲು. ಇಂಟರ್‌ನೆಟ್ ಇಲ್ಲದ ದಿನ ಇದರಲ್ಲಿ ಏನನ್ನು ಆಡಬಹುದು? ಇತರರೊಡನೆ ಆಡಲು ವರ್ಷಕ್ಕೆ ಚಂದಾ ಎಷ್ಟು, ಐದು ವರ್ಷಕ್ಕೆ ಅದು ಎಷ್ಟಾಗುತ್ತದೆ? ಆಟಗಾರನ ಗಳಿಕೆಯ ಲೆಕ್ಕ ಉಳಿಯುವುದು ಮನೆಯಲ್ಲೋ ಕಂಪೆನಿಯಲ್ಲೋ? ಸೇವೆ ನಿಂತ ಮರುದಿನ ಕೈಯಲ್ಲಿ ಉಳಿಯುವುದೇನು?

ಸೇವೆಯೇ ಬೇಡ ಎಂದು ಇದರ ಅರ್ಥವಲ್ಲ. ಹಿತ್ತಲಲ್ಲಿ ಬಾವಿ ಇದ್ದವರೂ ನಲ್ಲಿ ನೀರು ಹಾಕಿಸಿಕೊಳ್ಳುತ್ತಾರೆ, ಅದರಲ್ಲಿ ಅನುಕೂಲವಿದೆ. ಆದರೆ ನಲ್ಲಿ ಬಂದಿತೆಂದು ಬಾವಿ ಮುಚ್ಚಿದವರ ಪಾಡು ನಲ್ಲಿ ನಿಂತ ದಿನ ತಿಳಿಯುತ್ತದೆ. ಡ್ರೀಮ್‌ಕಾಸ್ಟ್ ಸೋತ ಯಂತ್ರವೆಂದು ವ್ಯಾಪಾರದ ಪುಸ್ತಕಗಳು ಹೇಳುತ್ತವೆ. ಆದರೆ ಅದು ತನ್ನನ್ನು ಕೊಂಡವರಿಗೆ ನಲ್ಲಿಯನ್ನೂ ಕೊಟ್ಟಿತ್ತು, ಬಾವಿಯನ್ನೂ ಮುಚ್ಚಿರಲಿಲ್ಲ.