ಕ್ರಮವಿಧಿಯ ಹಿಮ್ಮುಖ ಸಂಚಾರ: ದೋಷಶೋಧನೆಯ ಒಂದು ಮಾರ್ಗ

ಗಣಕಯಂತ್ರದ ಕ್ರಮವಿಧಿಯಲ್ಲಿ, ಅಂದರೆ ಪ್ರೋಗ್ರಾಂನಲ್ಲಿ, ದೋಷವು ಹುಟ್ಟುವ ಸ್ಥಳ ಬೇರೆ, ಕಾಣಿಸಿಕೊಳ್ಳುವ ಸ್ಥಳ ಬೇರೆ. ಸ್ಮೃತಿಕೋಶವೊಂದರಲ್ಲಿ ತಪ್ಪು ಬೆಲೆ ಸೇರಿಕೊಂಡು, ಲಕ್ಷಾಂತರ ಆದೇಶಗಳು ನಡೆದುಹೋದ ಬಳಿಕ, ಸಂಬಂಧವೇ ಇಲ್ಲವೆಂದು ತೋರುವ ಮತ್ತೊಂದು ಭಾಗದಲ್ಲಿ ಕ್ರಮವಿಧಿ ಕುಸಿಯಬಹುದು. ರೂಢಿಯ ಡಿಬಗ್ಗರ್ ಈ ಕುಸಿತದ ಕ್ಷಣವನ್ನು ತೋರಿಸುತ್ತದೆಯೇ ಹೊರತು ಅದಕ್ಕೆ ಮುನ್ನ ನಡೆದುದನ್ನಲ್ಲ. ಕಾರಣವನ್ನು ಅರಸುವವರು ಊಹೆಯ ಮೇಲೆ ತಡೆಬಿಂದುವನ್ನಿರಿಸಿ ಮೊದಲಿನಿಂದ ಓಡಿಸಬೇಕು. ಊಹೆ ತಪ್ಪಿದರೆ ಮತ್ತೊಮ್ಮೆ. ನೂರು ಸಲಕ್ಕೊಮ್ಮೆ ತಲೆದೋರುವ ದೋಷವಾದರೆ ಮರು ಓಟದಲ್ಲಿ ಅದು ಕಾಣಿಸಿಕೊಳ್ಳುವ ಭರವಸೆಯೂ ಇಲ್ಲ.

ಆದ್ದರಿಂದ ಹಿಂದಕ್ಕೆ ಹೆಜ್ಜೆಯಿಡುವ ಸಾಧನದ ಬಯಕೆ ಹಳೆಯದು. ಆರ್. ಎಂ. ಬಾಲ್ಜರ್ 1969ರಲ್ಲಿ ವಿವರಿಸಿದ ಎಕ್ಸ್‌ಡ್ಯಾಮ್ಸ್ ವ್ಯವಸ್ಥೆಯು ಓಟದ ಚರಿತ್ರೆಯನ್ನು ಟೇಪಿನಲ್ಲಿ ದಾಖಲಿಸಿ, ಅದರ ಮೇಲೆ ಎರಡೂ ದಿಕ್ಕುಗಳಲ್ಲಿ ಚಲಿಸಲು ಅವಕಾಶ ನೀಡಿತ್ತು.

ಇಲ್ಲೊಂದು ಮೂಲಭೂತ ತೊಡಕಿದೆ. ಒಂದು ಸಂಖ್ಯೆಗೆ ಒಂದನ್ನು ಕೂಡಿದ ಕ್ರಿಯೆಯನ್ನು ಕಳೆಯುವುದರಿಂದ ರದ್ದುಗೊಳಿಸಬಹುದು. ಆದರೆ ಅದೇ ಕೋಶಕ್ಕೆ ಸೊನ್ನೆಯನ್ನು ತುಂಬಿದರೆ ಹಿಂದಿನ ಬೆಲೆ ಅಳಿದೇ ಹೋಗುತ್ತದೆ. ಯಾವುದೇ ಗಣನೆಯನ್ನೂ ಮಾಹಿತಿ ನಷ್ಟವಾಗದ ರೂಪದಲ್ಲಿ ರಚಿಸಬಹುದೆಂದು 1973ರಲ್ಲಿ ಚಾರ್ಲ್ಸ್ ಬೆನೆಟ್ ತೋರಿಸಿದರಾದರೂ ಬಳಕೆಯ ಯಂತ್ರಗಳು ಹಾಗಿಲ್ಲ. ಅವು ಹೆಜ್ಜೆಹೆಜ್ಜೆಗೂ ತಮ್ಮ ಭೂತಕಾಲವನ್ನು ಅಳಿಸುತ್ತವೆ.

ಅಳಿಯುವ ಮುನ್ನ ಬರೆದಿಡುವುದು ಒಂದು ಪರಿಹಾರ. 2009ರಲ್ಲಿ ಪ್ರಕಟವಾದ ಜಿಡಿಬಿ 7.0 ಪ್ರತಿ ಆದೇಶವೂ ಬದಲಿಸಲಿರುವ ರಿಜಿಸ್ಟರ್ ಹಾಗೂ ಸ್ಮೃತಿಕೋಶಗಳ ಹಳೆಯ ಬೆಲೆಗಳನ್ನು ಸಂಗ್ರಹಿಸುವ ಈ ಮಾರ್ಗವನ್ನು ಹಿಡಿಯಿತು. ಬಳಕೆದಾರರು ಬದಲಿಸದ ಹೊರತು ಅದರ ದಾಖಲೆಯ ಮಿತಿ 200000 ಆದೇಶಗಳು. ಇಂದಿನ ಸಂಸ್ಕಾರಕವು ಅಷ್ಟನ್ನು ಒಂದು ಮಿಲಿಸೆಕೆಂಡಿನೊಳಗೆ ಮುಗಿಸಬಲ್ಲದು ಎಂಬುದನ್ನು ನೆನೆದರೆ ಈ ಪರಿಹಾರದ ಬಡತನ ತಿಳಿಯುತ್ತದೆ.

ಎಲ್ಲವನ್ನೂ ಬರೆದಿಡಬೇಕಾಗಿಲ್ಲ ಎಂಬುದು ಎರಡನೆಯ, ಹೆಚ್ಚು ಫಲಪ್ರದವಾದ ವಿಚಾರ. ಬಾಬ್ ಬೂತ್ 2000ದಲ್ಲಿ ಮಂಡಿಸಿದ ಕ್ರಮದಲ್ಲಿ ಅಲ್ಲಲ್ಲಿ ಚೆಕ್‌ಪಾಯಿಂಟ್‌ಗಳನ್ನು, ಅಂದರೆ ಆಯಾ ಕ್ಷಣದ ಸ್ಥಿತಿಯ ಪ್ರತಿಗಳನ್ನು, ಉಳಿಸಲಾಗುತ್ತದೆ. ಸಾವಿರನೆಯ ಹೆಜ್ಜೆಯಿಂದ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕಾದರೆ ಹಿಂದಿನ ಪ್ರತಿಯಿಂದ ಆರಂಭಿಸಿ ಒಂಬೈನೂರ ತೊಂಬತ್ತೊಂಬತ್ತನೆಯ ಹೆಜ್ಜೆಯವರೆಗೆ ಮುಂದಕ್ಕೆ ಓಡಿಸಿದರಾಯಿತು. ಹಿಮ್ಮುಖ ಸಂಚಾರವೆಂಬುದು ವಾಸ್ತವವಾಗಿ ಮುಮ್ಮುಖ ಸಂಚಾರದ ನಿಷ್ಠೆಯ ಪುನರಾವರ್ತನೆ.

ಈ ನಿಷ್ಠೆಯನ್ನು ಸಾಧಿಸುವುದೇ ಕಠಿಣ. ಗಡಿಯಾರದ ಓದು, ಜಾಲದಿಂದ ಬಂದ ಸಂದೇಶ, ಕೀಲಿಮಣೆಯ ಒತ್ತು ಇವು ಎರಡನೆಯ ಓಟದಲ್ಲಿ ಹಿಂದಿನಂತೆಯೇ ಇರುವುದಿಲ್ಲ. ಮೊಝಿಲ್ಲಾದಲ್ಲಿ ರೂಪುಗೊಂಡು 2014ರಲ್ಲಿ ಬಿಡುಗಡೆಯಾದ ಆರ್‌ಆರ್ ಎಂಬ ಸಾಧನವು ಹೀಗೆ ಹೊರಗಿನಿಂದ ಬಂದುದನ್ನು ಮಾತ್ರ ದಾಖಲಿಸುತ್ತದೆ; ಮಿಕ್ಕದ್ದನ್ನು ಸಂಸ್ಕಾರಕವೇ ಮತ್ತೆ ಗಣಿಸಿಕೊಡುತ್ತದೆ. ಅಡಚಣೆಯೊಂದು ಯಾವ ಘಟ್ಟದಲ್ಲಿ ಬಂತೆಂಬುದನ್ನು ಅದು ಗಡಿಯಾರದಿಂದ ಅಳೆಯದೆ, ಸಂಸ್ಕಾರಕದಲ್ಲಿರುವ ಎಣಿಕೆಗಾರನ ನೆರವಿನಿಂದ ಷರತ್ತುಬದ್ಧ ಕವಲುಗಳನ್ನು ಎಣಿಸಿ ಗುರುತಿಸುತ್ತದೆ. ಈ ಜಾಣ್ಮೆ ಮೆಚ್ಚತಕ್ಕದ್ದು. ಕೆಟ್ಟುಹೋದ ಕೋಶದ ಮೇಲೆ ಕಾವಲಿರಿಸಿ ಹಿಂದಕ್ಕೆ ಓಡಿಸಿದರೆ, ಅದನ್ನು ಕೊನೆಯದಾಗಿ ಬದಲಿಸಿದ ಆದೇಶದ ಬಳಿಯೇ ಓಟ ನಿಲ್ಲುತ್ತದೆ. ದಿನಗಟ್ಟಲೆಯ ಊಹೆ ಅಲ್ಲಿಗೆ ಮುಗಿಯಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಆರ್‌ಆರ್ ಎಲ್ಲ ಎಳೆಗಳನ್ನೂ ಸರದಿಯಂತೆ ಒಂದೇ ಕೋರ್‌ನಲ್ಲಿ ನಡೆಸುವುದರಿಂದ ಸಮಾಂತರ ಕ್ರಮವಿಧಿಗಳು ನಿಧಾನಗೊಳ್ಳುತ್ತವೆ, ಏಕಕಾಲಿಕತೆಯಿಂದ ಹುಟ್ಟುವ ಕೆಲವು ದೋಷಗಳು ಅಡಗಿಕೊಳ್ಳುತ್ತವೆ. ಎಳೆಗಳ ಸರದಿಯನ್ನು ಬೇಕೆಂದೇ ಏರುಪೇರುಗೊಳಿಸುವ ವಿಧಾನವನ್ನು ಅನಂತರ ಸೇರಿಸಿದ್ದು ಈ ಕಾರಣಕ್ಕೆ. ಇನ್ನೊಂದು ಸಂಗತಿಯತ್ತ ಸಾಕಷ್ಟು ಗಮನ ಹರಿದಂತಿಲ್ಲ. ದಾಖಲೆಯ ಕಡತವನ್ನು ಬೇರೊಬ್ಬರಿಗೆ ಕಳುಹಿಸಿ ದೋಷವನ್ನು ಅವರಿಂದ ಹುಡುಕಿಸಬಹುದೆಂಬುದು ಈ ವಿಧಾನದ ದೊಡ್ಡ ಅನುಕೂಲ. ಆದರೆ ಕ್ರಮವಿಧಿಯು ಓದಿದ್ದೆಲ್ಲವೂ, ಬಳಕೆದಾರರ ಗುಪ್ತಪದ ಹಾಗೂ ಪತ್ರಗಳ ಸಹಿತ, ಅದೇ ಕಡತದಲ್ಲಿ ಉಳಿದಿರುತ್ತದೆ; ಅವನ್ನು ತೆಗೆದುಹಾಕಿದರೆ ಪುನರಾವರ್ತನೆ ನಿಷ್ಠವಾಗಿ ಉಳಿಯುವುದಿಲ್ಲ.